ಇಪ್ಪತ್ತೊಂದನೆಯ ದಿನದ ನೀರು

ಒಂದು ಊರು. ಆ ಊರಲ್ಲಿ ಮಠದ ಬಾವಿಗೆ ಎದುರಾಗಿ ಒಬ್ಬ ಸಾಹುಕಾರನ ಮನೆ. ಹೆಸರು ಚನವೀರಪ್ಪ, ವಯಸ್ಸು ಎಪ್ಪತ್ತು ದಾಟಿತ್ತು. ಹಿಟ್ಟಿನ ಗಿರಣಿಯಿಂದ ಮೇಲೆ ಬಂದ ಮನುಷ್ಯ. ಬೆಳಗ್ಗೆ ಎದ್ದರೆ ಕಟ್ಟೆಯ ಮೇಲೆ ಕೂತು ಮೊಬೈಲು ನೋಡುವುದೇ ಅವನ ಪೂಜೆ. ನಗಬೇಡಿ, ಈಗ ನಮ್ಮೆಲ್ಲರ ಪೂಜೆಯೂ ಅದೇ.

ಒಂದು ದಿನ ಒಂದು ವಿಡಿಯೊ ಬಂತು. ಹಾಲು ಮಾರುವ ದ್ಯಾಮವ್ವ ಹಾಲಿನ ಕ್ಯಾನಿಗೆ ನೀರು ಸುರಿಯುತ್ತಿದ್ದಾಳೆ. ಸುಳ್ಳಲ್ಲ, ನಿಜವೇ. ಅದೇ ಹಾಲು ಕುಡಿದು ಪಕ್ಕದ ಓಣಿಯ ಶಾಂಭವಿಯ ಕೂಸು ಸೊರಗಿತ್ತು. ಚನವೀರಪ್ಪನಿಗೆ ಸಿಟ್ಟು ಬಂತು. ಬರಬೇಕಾದದ್ದೇ. ‘ಇಂಥವರಿಗೆ ಊರಾಗ ಜಾಗ ಇಲ್ಲ’ ಎಂದು ಬರೆದು ಊರಿನ ಗುಂಪಿಗೆಲ್ಲ ಕಳಿಸಿದ. ಸಂಜೆಯೊಳಗೆ ಆ ವಿಡಿಯೊ ದ್ಯಾಮವ್ವ ಮಗಳನ್ನು ಕೊಟ್ಟ ಊರನ್ನೂ ಮುಟ್ಟಿತು. ಮರುದಿನದಿಂದ ಅವಳ ಹಾಲು ಯಾರಿಗೂ ಬೇಡವಾಯಿತು, ಅವಳ ಮಾತೂ ಬೇಡವಾಯಿತು.

ಮೂರನೆಯ ದಿನ ಅವಳು, ಹಿಂದಿನವರು ಮಾಡುತ್ತಿದ್ದ ಹಾಗೆ, ಮಠದ ಮುಂದಿನ ಕಲ್ಲು ಹತ್ತಿ ನಿಂತಳು. “ನಾನ ನೀರು ಹಾಕೀನಿ. ತಪ್ಪು ಮಾಡೀನಿ” ಎಂದಳು. ಇಳಿದು ಕೊಡ ಹೊತ್ತು ಬಾವಿಗೆ ಹೋದಳು.

ಕಟ್ಟೆಯ ಮೇಲಿದ್ದ ಚನವೀರಪ್ಪ ಕಲ್ಲಾದ. ಐವತ್ತು ವರ್ಷದ ಹಿಂದೆ ಆ ಕಲ್ಲಿನ ಮೇಲೆ ನಿಂತವನು ಅವನೇ! ಗಿರಣಿಗೆ ಬಂದ ಒಬ್ಬ ವಿಧವೆಯ ಒಳ್ಳೆಯ ಜೋಳ ಇಟ್ಟುಕೊಂಡು ಹುಳ ಹಿಡಿದ ಜೋಳದ ಹಿಟ್ಟು ಕೊಟ್ಟಿದ್ದ. ಅಂದಿನ ಪದ್ಧತಿ ನೋಡಿ: ತಪ್ಪು ಮಾಡಿದವನು ಕಲ್ಲಿನ ಮೇಲೆ ನಿಂತು ತನ್ನ ಬಾಯಿಂದಲೇ ಹೇಳಬೇಕು. ಇಪ್ಪತ್ತೊಂದು ದಿನ ಮಠಕ್ಕೆ ನೀರು ಹೊರಬೇಕು. ಕಡೆಯ ದಿನ, ನೊಂದವರು ಬಂದು ಅವನ ಕೈಯಿಂದ ನೀರು ಕುಡಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಯಾರೂ ಎತ್ತಿ ಆಡುವ ಹಾಗಿಲ್ಲ. ಆ ವಿಧವೆ ಬಂದಿದ್ದಳು, ಕುಡಿದಿದ್ದಳು. ಊರೆಲ್ಲ ಸುಮ್ಮನೆ ನಿಂತಿತ್ತು. ಆ ಮೌನದಲ್ಲಿ ಅವಳ ಗಂಟಲಿನಲ್ಲಿ ನೀರು ಇಳಿದ ಸದ್ದು ಅವನಿಗೆ ಇವತ್ತಿಗೂ ಕೇಳಿಸುತ್ತಿತ್ತು. ಅವನ ಬದುಕು ಮತ್ತೆ ಶುರುವಾದದ್ದು ಆ ಸದ್ದಿನಿಂದ.

ಇಪ್ಪತ್ತೊಂದನೆಯ ದಿನ ಬಂತು. ದ್ಯಾಮವ್ವ ತಂಬಿಗೆ ಹಿಡಿದು ನಿಂತಳು. ಯಾರು ಬಂದರು? ಒಬ್ಬರೂ ಬರಲಿಲ್ಲ. ಬಿಸಿಲು ಏರಿತು.

ಚನವೀರಪ್ಪ ಎದ್ದು ಶಾಂಭವಿಯ ಮನೆಗೆ ಹೋದ.

“ಆಕಿ ಕೈನೀರು ನಾ ಯಾಕ ಕುಡೀಲಿ ಅಜ್ಜಾ? ನನ್ನ ಕೂಸಿನ ಪಕ್ಕೆಲುಬು ಎಣಿಸೀನಿ ನಾನು.”

“ಕುಡಿಲೇಬೇಕಂತ ನಾ ಅನ್ನೂದಿಲ್ಲವ್ವಾ. ಆಕಿ ಕಲ್ಲಿನ ಮ್ಯಾಲ ನಿಂತು ಒಪ್ಪಿಕೊಂಡದ್ದು, ದಿನಾ ನೀರು ಹೊತ್ತದ್ದು, ನಿನ್ನ ಮೊಬೈಲಿಗೆ ಬಂತೇನು?”

“ಇಲ್ಲ. ಯಾರೂ ಕಳಿಸಲಿಲ್ಲ.”

“ನಾನೂ ಕಳಿಸಲಿಲ್ಲ. ನೀರು ಹಾಕಿದ್ದು ಮಾತ್ರ ಕಳಿಸಿದೆ. ಮುದುಕ ಆದ್ರೂ ಬುದ್ಧಿ ಬರಲಿಲ್ಲ ನನಗ.”

ಶಾಂಭವಿ ಎದ್ದು ಒಲೆ ಆರಿಸಿದಳು. ಆಮೇಲೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಅವಳನ್ನು ಕಂಡು ದ್ಯಾಮವ್ವ ಗಡಬಡಿಸಿ ತಂಬಿಗೆ ಮುಂದೆ ಚಾಚಿದಳು, ಅರ್ಧ ನೀರು ಚೆಲ್ಲಿತು.

“ಉಳಿದದ್ದಾದ್ರೂ ಕೊಡು, ಅದನ್ನೂ ಚೆಲ್ಲಬ್ಯಾಡ” ಎಂದಳು ಶಾಂಭವಿ. ಕುಡಿದಳು. “ನಾಳಿಂದ ನನ್ನ ಕಣ್ಣಮುಂದ ಹಾಲು ಹಿಂಡಿ ಕೊಡಬೇಕು. ನಂಬಿಗಿ ಇನ್ನೂ ಬಂದಿಲ್ಲ, ತಿಳೀತಿಲ್ಲೋ?”

“ಹಿಂಡತೀನಿ ಯವ್ವಾ” ಎಂದಳು ದ್ಯಾಮವ್ವ.

ಚನವೀರಪ್ಪ ಕಣ್ಣು ಮುಚ್ಚಿ ನಿಂತಿದ್ದ. ಐವತ್ತು ವರ್ಷದ ಹಿಂದಿನ ಆ ಸದ್ದು ಮತ್ತೊಮ್ಮೆ ಕೇಳಿಸಿತ್ತು.

ಈಗ ಹೇಳಿ, ಆ ಊರು ಯಾವುದು? ನಿಮ್ಮದೇ ಅಲ್ಲವೇ? ತಪ್ಪು ಮಾಡಿದವರನ್ನು ಕಲ್ಲಿಗೆ ಹತ್ತಿಸುವುದು ನಮಗೆ ಇನ್ನೂ ನೆನಪಿದೆ. ಹತ್ತಿಸಿ, ಬೇಡವೆನ್ನುವುದಿಲ್ಲ, ಕೂಸು ಸೊರಗಿದ್ದು ಸಣ್ಣ ಮಾತಲ್ಲ. ಆದರೆ ಇಳಿಸಿಕೊಳ್ಳುವ ದಿನವನ್ನು ಮರೆತು ಕೂತಿದ್ದೇವೆ. ಇನ್ನು ಮೇಲೆ ಯಾರದಾದರೂ ತಪ್ಪು ನಿಮ್ಮ ಮೊಬೈಲಿಗೆ ಬಂದರೆ, ಬೆರಳು ಒತ್ತುವ ಮೊದಲು ಅವರ ಬಾಗಿಲಿಗೆ ಹೋಗಿ ಕೇಳಿ. ಕಳಿಸಿಯೇಬಿಟ್ಟಿದ್ದರೆ, ಅವರು ತಿದ್ದಿಕೊಂಡದ್ದನ್ನೂ ಅಷ್ಟೇ ಜನಕ್ಕೆ ಕಳಿಸಿ. ತಪ್ಪು ನಿಮ್ಮದಾದರೆ ನಿಮ್ಮ ಬಾಯಿಂದಲೇ ಹೇಳಿ.

ಇವತ್ತು ಮನೆಗೆ ಹೋಗುವ ದಾರಿಯಲ್ಲಿ ನೆನೆಸಿಕೊಳ್ಳಿ: ನೀವು ಮಾತು ಬಿಟ್ಟ ಯಾರಾದರೂ ಎಲ್ಲೋ ತಂಬಿಗೆ ಹಿಡಿದು ನಿಂತಿದ್ದಾರೆಯೇ? ಬಿಸಿಲು ಏರುತ್ತಿದೆ. ಹೋಗಿ.