ಒಂದೇ ಹೆಸರಿನ ಪಟ್ಟಿ

ಶಹಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನೀರಾವರಿ ಕಚೇರಿಯ ಇಬ್ಬರು ಕೂತಿದ್ದರು: ಗುಮಾಸ್ತರಾಗಿದ್ದ ವಯಸ್ಸಾದ ಹೆಂಗಸು, ಕಂಪ್ಯೂಟರ್ ನೋಡಿಕೊಳ್ಳುವ ಹುಲಗಪ್ಪ.

“ಹುಲಗಪ್ಪ, ಕಾಲುವ್ಯಾಗ ಬಿದ್ದು ಸತ್ತವರ ಪಟ್ಟಿಯೊಳಗ ಒಂದ ಹೆಸರು ಅದಲ್ಲೋ?”

“ನನ್ನ ಪ್ರೋಗ್ರಾಂ ತಪ್ಪರಿ ಅಕ್ಕಾರ. ಫೈಲ್ ತೆರೆಯೋ ಕಡೆ ‘ಎ’ ಅಕ್ಷರ ಹಾಕಿದ್ರ ಹೊಸ ಹೆಸರು ಕೆಳಗ ಸೇರ್ತಿತ್ತು. ನಾ ‘ಡಬ್ಲ್ಯೂ’ ಹಾಕೀನಿ. ಹೊಸ ಹೆಸರು ಹಾಕಿದ ಪ್ರತಿ ಸಲ ಹಳೇವೆಲ್ಲಾ ಅಳಿಸಿ ಹೋಗ್ಯಾವ.”

“ಎರಡು ವರ್ಷದಿಂದ?”

“ಹೌದ್ರಿ. ರಜಿಸ್ಟರ್‌ನ್ಯಾಗ ಇರಬೇಕಲ್ರಿ?”

“ಕಂಪ್ಯೂಟರ್ ಬಂತಂತ ನಾ ಬರಿಯೋದು ಬಿಟ್ಟೆ.”

ಆಕೆ ಚೀಲದಿಂದ ಒಂದು ಪತ್ರದ ಪ್ರತಿ ತೆಗೆದು ಅವನ ಮುಂದೆ ಹಿಡಿದರು.

“ಸತ್ತಾಂವ ಒಬ್ಬನ, ಕಾಲುವಿಗೆ ತಡೆಗೋಡಿ ಬ್ಯಾಡ ಅಂತ ಸಾಹೇಬ್ರು ಬರದು ಕಳಿಸ್ಯಾರ.”

“ಈಗ ಸರಿ ಮಾಡೀನ್ರಿ. ಇನ್ನ ಮುಂದ ಎಲ್ಲಾ ಹೆಸರೂ ಉಳಿತಾವ.”

“ಇನ್ನ ಮುಂದ ಬೀಳೋರದ್ದು ಅನ್ನು.”

ಸುರಪುರದ ಬಸ್ ಬಂತು. ಇಬ್ಬರೂ ಹತ್ತಿ, ದೂರ ದೂರ ಕೂತರು.