ಬ್ಯಾಟರಿಯ ಹಣೆ

ಧಾರವಾಡದಿಂದ ಹೊರಟ ಬಸ್ಸಿನಲ್ಲಿ ಸೆಲಿನಾಳ ಮುಖ ಕಿಟಕಿಯ ಕಡೆಗಿದ್ದರೂ ಕಿವಿ ಮುಂದಿನ ಸೀಟಿನಲ್ಲಿತ್ತು. ಅಲ್ಲಿ ಮದುವೆಯ ಫೋಟೋ ತೆಗೆಯಲು ಹೊರಟಿದ್ದ ಗುರುಪಾದ, ಜೊತೆಗೆ ಬಂದ ತಾಯಿ ಚನ್ನಬಸವ್ವನ ಮೇಲೆ ಹರಿಹಾಯುತ್ತಿದ್ದ.

“ಇನ್ನೊಂದ್ ತಾಸಿಗೆ ಅಕ್ಕಿಕಾಳು ಬೀಳ್ತಾವು. ಕ್ಯಾಮೆರಾದ ಮೂರೂ ಬ್ಯಾಟರಿ ಚಾರ್ಜ್ ಆಗಿಲ್ಲ. ನೀ ಏನರ ಮುಟ್ಟೀಯೇನಬೇ?”

“ನಾ ಯಾಕ ಮುಟ್ಟಲಿ? ಪೂಜಿ ಮಾಡಿ ವಿಭೂತಿ ಹಚ್ಚೇನಿ, ಅಷ್ಟ.”

“ಎಲ್ಲಿ ಹಚ್ಚಿದಿ?”

“ಹಣಿಗೆ. ಬಂಗಾರದಂಗ ಹೊಳೀತಿತ್ತಲ್ಲ, ಅಲ್ಲಿ.”

“ಅದು ಹಣಿ ಅಲ್ಲಬೇ, ಬಾಯಿ! ಕರೆಂಟ್ ಅಲ್ಲಿಂದನ ಉಣ್ಣತೈತಿ. ಬಾಯಿತುಂಬ ಬೂದಿ ತುಂಬಿದ್ರ ಹೆಂಗ ಉಣ್ಣಬೇಕದು?”

ಗುರುಪಾದ ಕರವಸ್ತ್ರದಿಂದ ಒಂದು ಬ್ಯಾಟರಿಯನ್ನು ತಿಕ್ಕಿ ಒರೆಸಿ, ಪವರ್‌ಬ್ಯಾಂಕಿಗೆ ಜೋಡಿಸಿದ ಚಾರ್ಜರಿನಲ್ಲಿ ಕೂರಿಸಿದ. ದೀಪ ಹತ್ತಿತು.

“ನೋಡಿದ್ಯಾ? ಪೂಜಿ ಸುಳ್ಳಾಗಲಿಲ್ಲ.”

“ಯವ್ವಾ, ಇನ್ನ ಮ್ಯಾಲೆ ಬ್ಯಾಟರಿಗೆ ವಿಭೂತಿ ಹಚ್ಚಬ್ಯಾಡ.”

“ಹಚ್ಚಂಗಿಲ್ಲಪಾ, ನಿನ್ನಾಣಿ.”

ಉಣಕಲ್ಲಿನಲ್ಲಿ ಇಳಿಯುವಾಗ ಚಾರ್ಜರು ಮಗನ ಕೈಯಲ್ಲಿತ್ತು, ಕ್ಯಾಮೆರಾ ತಾಯಿಯ ಕೈಯಲ್ಲಿ. ಬಸ್ಸು ಹೊರಟಾಗ ಸೆಲಿನಾ ಕಿಟಕಿಯಿಂದ ಇಣುಕಿದಳು. ಚನ್ನಬಸವ್ವ ಆಣೆ ಮುರಿದಿರಲಿಲ್ಲ. ಕ್ಯಾಮೆರಾದ ಲೆನ್ಸಿನ ಮೇಲೆ ಮೂರು ಬೆರಳಿನ ವಿಭೂತಿ ಢಾಳಾಗಿ ಕೂತಿತ್ತು.