ಉಡಿಗೆ ಹಾಕಿದ ಎರಡು ರೂಪಾಯಿ

ನಾನು ರಾಜೇಶ್ವರಿ ಗಂಡ ಸಂಗಮೇಶ್ವರ, ವಯಸ್ಸು 46 ವರ್ಷ, ಉದ್ಯೋಗ ಹಿಟ್ಟಿನ ಗಿರಣಿ, ಸಾ: ವಾಡಿ, ತಾ: ಚಿತ್ತಾಪುರ, ಜಿ: ಕಲಬುರಗಿ. ಇಂದು ಬೆಳಿಗ್ಗೆ 10.40 ಗಂಟೆಗೆ ಖುದ್ದಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದು ಇಷ್ಟು.

ನಾನು ಹದಿನಾಲ್ಕು ವರ್ಷದಿಂದ ಗಿರಣಿ ನಡೆಸುತ್ತಿದ್ದೇನೆ. ಗಿರಾಕಿಗಳು ಕೊಟ್ಟ ಚಿಲ್ಲರೆಯಲ್ಲಿ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯ ಸಿಕ್ಕರೆ ಬೇರೆ ತೆಗೆದಿಡುತ್ತೇನೆ. ಅವುಗಳಲ್ಲಿ ಒಂದು, ಎರಡು ರೂಪಾಯಿಯ ನಾಣ್ಯ. ಅದರ ಮೇಲೆ ಅಚ್ಚು ಪಕ್ಕಕ್ಕೆ ಸರಿದು ಬಿದ್ದು, ಒಂದು ಕಡೆ ಉಗುರಿನಷ್ಟು ಜಾಗ ಖಾಲಿ ಉಳಿದಿತ್ತು. ಸಿಂಹದ ಪಾದದಿಂದ ಅಂಚಿನವರೆಗೆ ಕೂದಲೆಳೆಯಂಥ ಒಂದು ಗೆರೆಯೂ ಇತ್ತು. ಗೀರಾದರೆ ತಗ್ಗಾಗಿರುತ್ತದೆ. ಇದು ಉಬ್ಬಿತ್ತು. ಅಂದರೆ ಅಚ್ಚೇ ಬಿರುಕು ಬಿಟ್ಟಿತ್ತು. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಸಾವಿರಾರು ನಾಣ್ಯ ನೋಡಿ ಕಲಿತೆ.

ದಿನಾಂಕ 15-11-2024ರ ಶುಕ್ರವಾರ ಸಂಜೆ 4.15ಕ್ಕೆ ಶಹಾಬಾದಿನಲ್ಲಿ ಹಳೆ ನಾಣ್ಯಗಳ ಅಂಗಡಿ ಇಟ್ಟಿರುವ ಹಣಮಂತರಾಯ ಎಂಬುವರು ನನ್ನ ಕರೆಯ ಮೇರೆಗೆ ಹೆಂಡತಿ ಪ್ರಮಿತಾ ಅವರೊಂದಿಗೆ ಮನೆಗೆ ಬಂದರು. ನಾಣ್ಯವನ್ನು ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದರು. ಇದು ಟಂಕಸಾಲಿ ತಪ್ಪಲ್ಲರಿ ಅಕ್ಕೋರ, ಹೊರಗ ಯಾರೋ ಜಜ್ಜ್ಯಾರ, ಈ ಗೆರಿನೂ ಬರೇ ಗೀರರಿ ಎಂದು ಹೇಳಿದರು. ಜಜ್ಜಿದರೆ ಅಕ್ಷರ ಚಪ್ಪಟೆಯಾಗುತ್ತದೆ, ಇದರಲ್ಲಿ ಚೂಪಾಗಿವೆಯಲ್ಲ ಎಂದು ನಾನು ಕೇಳಿದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಾಕತ್ತೀನಿ ಎಂದರು. ನಾನು ನಾಣ್ಯವನ್ನು ಮೇಜಿನ ಮೇಲಿಟ್ಟು ಅವರಿಗೆ ಚಹಾ, ಉಪ್ಪಿಟ್ಟು ತಂದುಕೊಟ್ಟೆ. ನನ್ನ ಕಣ್ಣನ್ನು ಬಿಟ್ಟು ಅವರ ಮಾತು ನಂಬಿದ್ದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ.

5.05ಕ್ಕೆ ಅವರು ಹೊರಟು ನಿಂತರು. ಮುತ್ತೈದೆ ಮೊದಲ ಸಲ ಮನೆಗೆ ಬಂದಿದ್ದಾಳೆ, ಬರಿಗೈಲಿ ಕಳಿಸಬಾರದು, ಉಡಿ ತುಂಬು ಎಂದು ನಮ್ಮ ಅತ್ತೆ ಸೂಗಮ್ಮ ಹೇಳಿದರು. ನಾನು ಅಕ್ಕಿ, ಕೊಬ್ಬರಿ, ಅಡಿಕೆ, ಅರಿಷಿಣ ಕೊಂಬು, ಕುಪ್ಪಸದ ಖಣ ತಂದೆ. ಗಲ್ಲಾಪೆಟ್ಟಿಗೆಯಲ್ಲಿ ಒಂದೂ ಬಿಡಿ ನಾಣ್ಯ ಇರಲಿಲ್ಲ. ಈಗ ಗಿರಾಕಿಗಳೆಲ್ಲ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಆಗ ಹಣಮಂತರಾಯರೇ ಮೇಜಿನ ಮೇಲಿದ್ದ ಆ ನಾಣ್ಯದ ಕಡೆಗೆ ಕೈ ತೋರಿಸಿ, ಇದನ್ನೇ ಹಾಕ್ರಿ, ಎರಡು ರೂಪಾಯಿನೇ ಅದಲ್ಲ ಎಂದರು. ನಾನು ನನ್ನ ಕೈಯಾರೆ ಪ್ರಮಿತಾ ಅವರ ಉಡಿಗೆ ಹಾಕಿದೆ. ನೀವೇ ಕೊಟ್ಟಿದ್ದಲ್ಲವೇ ಎಂದು ತಾವು ಕೇಳುವ ಮೊದಲು ನಾನೇ ಇದನ್ನು ಬರೆಸುತ್ತಿದ್ದೇನೆ.

ದಿನಾಂಕ 27-11-2024ರ ಬೆಳಿಗ್ಗೆ 7.30ಕ್ಕೆ ನಾಣ್ಯ ಸಂಗ್ರಹಿಸುವವರ ವಾಟ್ಸಾಪ್ ಗುಂಪಿನಲ್ಲಿ ಹಣಮಂತರಾಯರು ಒಂದು ಫೋಟೋ ಹಾಕಿದರು. ಟಂಕಸಾಲೆಯ ಅಪ್ಪಟ ದೋಷ, ಭಾಳ ಅಪರೂಪ, ಬೇಕಾದವರು ಮಾತಾಡಿರಿ ಎಂದು ಕೆಳಗೆ ಬರೆದಿದ್ದರು. ಫೋಟೋ ದೊಡ್ಡದು ಮಾಡಿ ನೋಡಿದೆ. ಸಿಂಹದ ಪಾದದಿಂದ ಅಂಚಿಗೆ ಅದೇ ಗೆರೆ. ಮೈಯೆಲ್ಲಾ ಉರಿದುಹೋಯಿತು. ನಮ್ಮ ಮನೆಯ ಚಹಾ ಕುಡಿದು, ಉಪ್ಪಿಟ್ಟು ತಿಂದು, ಉಂಡ ಮನೆಯ ಜಂತೆ ಎಣಿಸಿದ ಮನುಷ್ಯ ಇವನು.

ಮರುದಿನ 11.20ಕ್ಕೆ ಶಹಾಬಾದಿಗೆ ಅವರ ಅಂಗಡಿಗೆ ಹೋದೆ. ನಾಲ್ಕು ಜನ ಗಿರಾಕಿಗಳಿದ್ದರು. ಸುಳ್ಳು ಹೇಳಿ ಯಾಕೆ ತೆಗೆದುಕೊಂಡಿರಿ ಎಂದು ಕೇಳಿದೆ. ಅವರು ನಗುತ್ತಾ, ಉಡ್ಯಾಗ ಹಾಕಿದ್ದು ತಿರುಗಿ ಬೇಡೋ ಹೆಣ್ಣಮಗಳನ್ನ ಇವತ್ತೇ ನೋಡಾಕತ್ತೀನಿ, ಮುತ್ತೈದಿ ಉಡಿ ಬರಿದು ಮಾಡ್ತೀರೇನ್ರಿ ಎಂದು ಎಲ್ಲರ ಮುಂದೆ ಅಂದರು. ನಮ್ಮ ಪದ್ಧತಿಯಿಂದಲೇ ನನ್ನ ಬಾಯಿ ಕಟ್ಟಿದರು. ಮನೆಗೆ ಬಂದರೆ ಅತ್ತೆಯವರೂ, ಹಾಕಿದ್ದು ಹಾಕಿದ್ದೇ ಅವ್ವಾ, ಕೇಳಬ್ಯಾಡ ಎಂದರು.

ನಿನ್ನೆ, ದಿನಾಂಕ 01-12-2024ರ ಭಾನುವಾರ ಮಧ್ಯಾಹ್ನ 12.30ಕ್ಕೆ ಪ್ರಮಿತಾ ಅವರು ಒಬ್ಬರೇ ಬಸ್ಸಿನಲ್ಲಿ ನಮ್ಮ ಗಿರಣಿಗೆ ಬಂದರು. ಅವರು ತಿಳಿಸಿದ್ದೇನೆಂದರೆ, ಆ ಶುಕ್ರವಾರ ಉಡಿಯ ಸಾಮಾನು ಗಂಟು ಕಟ್ಟಿದ ಹಾಗೆಯೇ ದೇವರ ಮುಂದೆ ಇಟ್ಟಿದ್ದರು. ಬೆಳಿಗ್ಗೆ ಬಿಚ್ಚಿ ನೋಡಿದರೆ ನಾಣ್ಯ ಇರಲಿಲ್ಲ. ಗಂಡನನ್ನು ಕೇಳಿದಾಗ, ದಾರ್ಯಾಗ ಎಲ್ಲೋ ಕೆಡವೀದಿ ಎಂದು ಬೈದರು. ಉಡಿಯದು ಕಳೆದೆನಲ್ಲಾ, ಇದು ಯಾವ ಕೇಡಿಗೋ ಎಂದು ಆಕೆ ಹನ್ನೆರಡು ದಿನ ದಿನವೂ ಮನೆಯ ಮೂಲೆ ಮೂಲೆ ಗುಡಿಸಿ ಹುಡುಕಿದ್ದಾರೆ, ನಡುವೆ ಬಂದ ಶುಕ್ರವಾರ ಉಪವಾಸ ಇದ್ದಾರೆ. ಗಂಡ ಎದುರಿಗೇ ಕುಳಿತು ನೋಡುತ್ತಿದ್ದರು. ನಾನು ಅಂಗಡಿಯಲ್ಲಿ ಜಗಳವಾಡಿದ್ದನ್ನು ಅದರ ಹಿಂದೆಯೇ ಇರುವ ಮನೆಯಿಂದ ಕೇಳಿದ ಮೇಲೆಯೇ ಆಕೆಗೆ ನಿಜ ತಿಳಿಯಿತು. ನನ್ನ ಉಡ್ಯಾಗಿಂದು ನನ್ನ ಒಂದು ಮಾತ ಕೇಳಲಾರದ ತಗೊಂಡಾರ್ರಿ ಅಕ್ಕಾ ಎಂದು ಹೇಳಿ ಅತ್ತರು.

ಹಣಮಂತರಾಯರು ಹೇಳಿದ್ದು ಸರಿ. ಉಡಿಗೆ ಹಾಕಿದ ಮೇಲೆ ಅದು ನನ್ನದಲ್ಲ. ಯಾರ ಉಡಿಯೋ ಅವರದು. ನನಗೆ ಅದು ಬೇಡ. ಆದರೆ ಅದು ಹಣಮಂತರಾಯರದ್ದೂ ಅಲ್ಲ. ಅವರು ಅದನ್ನು ಮಾರುವ ಮೊದಲೇ ಜಪ್ತು ಮಾಡಿ ಪ್ರಮಿತಾ ಅವರ ಕೈಗೆ ಕೊಡಿಸಬೇಕು. ಇಟ್ಟುಕೊಳ್ಳಲಿ, ಮಾರಲಿ, ಅದು ಅವರ ಇಷ್ಟ. ಅವರು ರಾತ್ರಿ ನಮ್ಮ ಮನೆಯಲ್ಲೇ ಉಳಿದು, ಈಗ ನನ್ನ ಜೊತೆಗೇ ಬಂದು ಠಾಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಗಂಡನ ಫೋನು ಆರು ಸಲ ಬಂದಿದೆ, ಎತ್ತಿಲ್ಲ. ಆದ್ದರಿಂದ ಫಿರ್ಯಾದಿಯ ಜಾಗದಲ್ಲಿ ನನ್ನ ಹೆಸರು ಹೊಡೆದು ಅವರ ಹೆಸರು ಬರೆದುಕೊಳ್ಳಬೇಕು. ನನ್ನದು ಸಾಕ್ಷಿ.

ಇಲ್ಲಿ ಬರೆಸಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ವಾಡಿ
ದಿನಾಂಕ: 02-12-2024
ಸಹಿ: ರಾಜೇಶ್ವರಿ